ಕ್ಷಮಿಸಿದೆ ಅಂದರೆ ಜಾಮೀನಿನ ದುಡ್ಡನ್ನೂ ಬಿಟ್ಟೆ ಅಂತಲಾ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ. ಚಹಾ ಇಟ್ಟುಕೊಂಡು ಓದಿ.

ನಾನು ಕಾರವಾರದವ. ಕೋಡಿಬಾಗದಲ್ಲಿ ಮನೆ, ಒಂದು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಕೊಂಕಣಿ, ಹೊರಗೆಲ್ಲ ಕನ್ನಡ. ಕ್ಯಾಥೋಲಿಕ್ ಕುಟುಂಬ. ನನ್ನ ಮಗನಿಗೆ ದೀಕ್ಷಾಸ್ನಾನ ಕೊಡುವಾಗ ಅವನನ್ನು ಎತ್ತಿಕೊಂಡು ನಿಂತವ ನನ್ನ ಬಾಲ್ಯದ ಗೆಳೆಯ. ಅಂದಿನಿಂದ ಅವನು ಮಗನಿಗೆ ಪಾದ್ರಿನ್, ಅಂದರೆ ಧರ್ಮಪಿತ, ನನಗೆ ಕುಂಪಾರ್. ಕೊಂಕಣಿ ಕ್ರೈಸ್ತರಲ್ಲದವರಿಗೆ ಹೇಳುವುದಾದರೆ, ಕುಂಪಾರ್ ಅಂದರೆ ನೆಂಟನಿಗಿಂತ ಒಂದು ಹಿಡಿ ಜಾಸ್ತಿ. ನೆಂಟರು ತಾವಾಗಿಯೇ ಬಂದಿರುತ್ತಾರೆ, ಕುಂಪಾರನನ್ನು ನಾವೇ ಆರಿಸಿಕೊಂಡಿರುತ್ತೇವೆ. ಹಾಗಾಗಿ ಆಮೇಲೆ ಯಾರನ್ನೂ ದೂರುವ ಹಾಗೂ ಇಲ್ಲ.

2022ರ ಅಕ್ಟೋಬರಿನಲ್ಲಿ ಅವನು ಒಂದು ಸಣ್ಣ ಗೂಡ್ಸ್ ಗಾಡಿ ತೆಗೆದುಕೊಂಡ. ಬೈತಖೋಲ ಬಂದರಿನಿಂದ ಮೀನು, ಐಸು ಹೇರಿಕೊಂಡು ಗೋವಾ ಕಡೆ ಹೋಗುವ ಕೆಲಸ. ಒಂದು ಸೊಸೈಟಿಯಲ್ಲಿ 4 ಲಕ್ಷ ಸಾಲ, ತಿಂಗಳಿಗೆ 9,300ರ ಹಾಗೆ 60 ಕಂತು. ಸಂಬಳದಾರ ಜಾಮೀನುದಾರ ಬೇಕು ಅಂದರು. ನಾನೂ ಅಲ್ಲಿ ಮೆಂಬರ್. ಸಹಿ ಹಾಕಿದೆ. ಎಷ್ಟು ಕಡೆ ಹಾಕಿದೆ ಅಂತಲೂ ಎಣಿಸಲಿಲ್ಲ. ಸಾಲಗಾರ ಕಟ್ಟದಿದ್ದರೆ ನನ್ನ ಸಂಬಳದಿಂದ ಹಿಡಿಯಬಹುದು ಅನ್ನುವ ಕಾಗದವೂ ಅದರಲ್ಲೇ ಇತ್ತು. ದಿನವಿಡೀ ಬೇರೆಯವರ ಅರ್ಜಿ ಓದಿ 'ಇಲ್ಲಿ ಸಹಿ ಇಲ್ಲ' ಅಂತ ವಾಪಸ್ ಕಳಿಸುವವ ನಾನು. ನನ್ನದನ್ನೇ ಓದಲಿಲ್ಲ.

20 ಕಂತು ಸರಿಯಾಗಿ ಕಟ್ಟಿದ. 2024ರ ಮಳೆಗಾಲ ಅವನನ್ನು ಕೆಡವಿತು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಬಂದರಿನಲ್ಲಿ ಮೀನಿಲ್ಲ ಅಂದರೆ ಗಾಡಿಗೆ ಬಾಡಿಗೆ ಇಲ್ಲ. ಆ ಎರಡು ತಿಂಗಳು ಅವನು ಅಂಕೋಲಾ, ಕುಮಟಾ ಕಡೆಯ ಬೇರೆ ಬಾಡಿಗೆ ಹಿಡಿಯುತ್ತಿದ್ದ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ನಿಷೇಧ ಮುಗಿದು ಮೀನು ಬರುವ ಹೊತ್ತಿಗೆ, ಆಗಸ್ಟ್ 7ರ ನಡುರಾತ್ರಿ, ನಮ್ಮ ಕಾಳಿ ನದಿಯ ಹಳೆ ಸೇತುವೆಯೇ ಬಿತ್ತು. ನನ್ನ ಮನೆಯಿಂದ ಕೂಗಳತೆ. ಇಷ್ಟನ್ನೂ ನಾನು ಒಪ್ಪುತ್ತೇನೆ. ಅವನೇನು ಕುಡಿದು ಹಾಳು ಮಾಡಿದವನಲ್ಲ.

ಆದರೆ ಆಮೇಲೆ ಗಾಡಿ ಓಡಿತು, ಕಂತು ಓಡಲಿಲ್ಲ. 2025ರ ಫೆಬ್ರವರಿಯಿಂದ ನನ್ನ ಸಂಬಳದಲ್ಲಿ ಹಿಡಿಯುತ್ತಿದ್ದಾರೆ. ಈ ಫೆಬ್ರವರಿಗೆ 13 ತಿಂಗಳು. 1,20,900 ರೂಪಾಯಿ. ಇನ್ನೂ 27 ಕಂತು ಇದೆ, ನಡುವೆ ಬಿಟ್ಟ ಕಂತುಗಳ ಬಡ್ಡಿ ಬೇರೆ. ಮನೆ ಸೋರುತ್ತಿದೆ, ಹಂಚು ತೆಗೆಸಬೇಕಿತ್ತು, ತೆಗೆಸಲಿಲ್ಲ. ಕುಂಪಾರನ ಹೆಸರು ಕೇಳಿದರೆ ನನ್ನ ಹೆಂಡತಿ ಪಾತ್ರೆಯ ಮೇಲೆ ಸಿಟ್ಟು ತೀರಿಸುತ್ತಾಳೆ.

ಅವನು ಇಗರ್ಜಿಗೆ (ಚರ್ಚಿಗೆ) ಬರುತ್ತಾನೆ. ಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವಾಗ ತಿರುಗಿ ಕೈ ಮುಗಿಯುತ್ತಾನೆ, ಎಲ್ಲರಿಗೂ ಮುಗಿದ ಹಾಗೆ. ಒಂದು ದಿನ ನನಗೆ ತಡೆಯಲಾಗಲಿಲ್ಲ. ಎದ್ದು ಬೇರೆ ಬೆಂಚಿಗೆ ಹೋಗಿ ಕೂತೆ. ಅಂದಿನಿಂದ ಪರಮಪ್ರಸಾದಕ್ಕೂ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಹೋಗುತ್ತಿಲ್ಲ. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ ಮೊದಲು ಹೋಗಿ ರಾಜಿ ಮಾಡಿಕೋ ಅಂತ ಬೈಬಲಿನ ಮತ್ತಾಯ 5ರಲ್ಲಿ ಇದೆಯಲ್ಲ. ಆದರೆ ಅಲ್ಲಿ ತಪ್ಪು ಮಾಡಿದವನಿಗೆ ಹೇಳಿದ್ದು ಅಲ್ವಾ? ನಾನು ದುಡ್ಡು ಕಳೆದುಕೊಂಡವ. ನಾನ್ಯಾಕೆ ಹೋಗಬೇಕು?

ಈಗ ತಪಸ್ಸುಕಾಲ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು. ಮೂರನೇ ವಾರದ ಮಂಗಳವಾರ ಬೆಳಗಿನ ಪೂಜೆಗೆ ಹೋಗಿದ್ದೆ. ಪ್ರತಿ ವರ್ಷ ಆ ದಿನ ಒಂದೇ ವಾಚನ, ಮತ್ತಾಯ 18. ಎಷ್ಟು ಸಲ ಕ್ಷಮಿಸಬೇಕು ಅಂತ ಪೇತ್ರ ಕೇಳುತ್ತಾನೆ, ಯೇಸು ಸಾಲಗಾರ ಸೇವಕನ ಕತೆ ಹೇಳುತ್ತಾರೆ. ರಾಜ ತನ್ನ ದೊಡ್ಡ ಸಾಲವನ್ನೇ ಬಿಟ್ಟುಕೊಟ್ಟರೂ, ತನಗೆ ಕೊಡಬೇಕಿದ್ದ ಜೊತೆ ಸೇವಕನ ಕತ್ತು ಹಿಡಿದವನ ಕತೆ. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋಗಿ ಎಲ್ಲ ಹೇಳಿದೆ. 'ಕ್ಷಮಿಸಿಬಿಡು' ಅಂದರು. ಹ್ಞೂಂ ಅಂದೆ. ಗೇಟು ದಾಟುವಾಗ ತಲೆಗೆ ಬಂತು. ಕ್ಷಮಿಸಿದರೂ ಮುಂದಿನ ತಿಂಗಳು 9,300 ಹಿಡಿಯುತ್ತಾರೆ. ಸೊಸೈಟಿಗೆ ಮತ್ತಾಯ 18 ಅನ್ವಯಿಸುವುದಿಲ್ಲ.

ನಾನು ಕ್ಷಮಿಸಬೇಕಾದ್ದು ಏನನ್ನು? ಅವನನ್ನೋ, ದುಡ್ಡನ್ನೋ? ದುಡ್ಡು ಕೇಳುತ್ತಲೇ ಇರುತ್ತೇನೆ, ಆದರೆ ಕ್ಷಮಿಸಿದ್ದೇನೆ ಅಂದರೆ ಅದು ಸುಮ್ನೆ ಮಾತಾಗುವುದಿಲ್ವಾ? ತಿಳಿದವರು ಹೇಳಿ. 'ದೇವರಿಗೆ ಒಪ್ಪಿಸಿ' ಅಂತ ಮಾತ್ರ ಬರೆಯಬೇಡಿ. ಒಪ್ಪಿಸಿ ಆಗಿದೆ.

ದಾಂಡೇಲಿ ಅಂಕಲ್

ಪ್ರೈಸ್ ದ ಲಾರ್ಡ್ ಸಹೋದರರೇ. ನಾನು ಕ್ಯಾಥೋಲಿಕ್ ಅಲ್ಲ, ನಮ್ಮದು ಪ್ರಾಟೆಸ್ಟೆಂಟ್ ಸಭೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವ. ಜಾಮೀನು ಹಾಕಿ ಮನೆ ಕಳೆದುಕೊಂಡವರನ್ನು ಕಾಲನಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಬೇಸರ ಮಾಡಿಕೊಳ್ಳಬೇಡಿ, ಸತ್ಯವೇದ ನಿಮಗೆ ಮೊದಲೇ ಹೇಳಿತ್ತು. ಜ್ಞಾನೋಕ್ತಿ 6 ತೆಗೆದು ನೋಡಿ. ನೆರೆಯವನಿಗೆ ಹೊಣೆಯಾಗಿದ್ದರೆ ನಿನ್ನ ಮಾತಿಗೆ ನೀನೇ ಸಿಕ್ಕಿಬಿದ್ದೆ, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ. 22ನೇ ಅಧ್ಯಾಯದಲ್ಲಿ ಇನ್ನೂ ಖಾರವಾಗಿದೆ. ತೀರಿಸಲು ಇಲ್ಲದಿದ್ದರೆ ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುತ್ತಾರೆ ಅಂತ. ಸೊಲೊಮೋನನ ಕಾಲದಲ್ಲೂ ವಸೂಲಿಯವರು ಇದ್ದರು ಅಂತಾಯಿತು.

ಹಾಗಾಗಿ ಮೊದಲ ತಪ್ಪು ನಿಮ್ಮದೇ. ಇನ್ನೊಂದು ಮಾತು. ಕೋರ್ಟಿಗೆ ಮಾತ್ರ ಹೋಗಬೇಡಿ. ವಿಶ್ವಾಸಿ ವಿಶ್ವಾಸಿಯ ಮೇಲೆ ದಾವೆ ಹೂಡುವುದಕ್ಕಿಂತ ನಷ್ಟ ಸಹಿಸುವುದು ಮೇಲು ಅಂತ ಪೌಲ 1 ಕೊರಿಂಥ 6ರಲ್ಲಿ ಬರೆದಿದ್ದಾನೆ. ಬಿಟ್ಟುಬಿಡಿ. ಪಾಠ ಅಂತ ತಿಳಿಯಿರಿ.

ಹೊನ್ನಾವರದ ಅಕ್ಕೋರು

ಅಂಕಲ್ ಅವರೇ, ಬಿದ್ದವನಿಗೆ 'ಅಲ್ಲಿ ಗುಂಡಿ ಇತ್ತು' ಅಂತ ಹೇಳಿದ ಹಾಗಾಯಿತು ನಿಮ್ಮ ಉತ್ತರ. ಸಿಟ್ಟು ಬೇಡ. ಮೂವತ್ತು ವರ್ಷ ಇಗರ್ಜಿಯಲ್ಲಿ ಮಕ್ಕಳಿಗೆ ದೊತೊರ್ನ್ (ಧರ್ಮೋಪದೇಶ) ಕಲಿಸಿದವಳು, ತಿದ್ದುವ ಚಾಳಿ ಹೋಗುವುದಿಲ್ಲ.

ಜಾಮೀನೇ ತಪ್ಪು ಅಂತ ಬೈಬಲ್ ಒಂದೇ ಬಾಯಲ್ಲಿ ಹೇಳುವುದಿಲ್ಲ. ತಮ್ಮ ಬೆನ್ಯಾಮೀನನನ್ನು ಐಗುಪ್ತಕ್ಕೆ ಕರೆದುಕೊಂಡು ಹೋಗುವಾಗ ಯೂದ ಅಪ್ಪನಿಗೆ 'ಅವನಿಗೆ ನಾನು ಹೊಣೆ' ಅನ್ನುತ್ತಾನೆ, ಆದಿಕಾಂಡ 43. ಮುಂದೆ ಆ ಮಾತಿಗೆ ತಾನೇ ಗುಲಾಮನಾಗಲು ನಿಲ್ಲುತ್ತಾನೆ. ನೀವು ಹೆಸರು ತೆಗೆದ ಪೌಲನೇ ಫಿಲೆಮೋನನಿಗೆ, ಅವನ ಗುಲಾಮ ಒನೇಸಿಮನ ಬಗ್ಗೆ, ಏನು ಬರೆದ? ಒನೇಸಿಮ ನಿನಗೆ ಏನಾದರೂ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ, ಇದನ್ನು ನನ್ನ ಕೈಯಿಂದಲೇ ಬರೆದಿದ್ದೇನೆ. ಸಹಿ ಮಾಡಿದ ಜಾಮೀನು ಪತ್ರ ಅಲ್ಲದೆ ಮತ್ತೇನದು! ಇನ್ನು ಸಿರಾಖನ ಗ್ರಂಥದ 29ನೇ ಅಧ್ಯಾಯ. ಒಳ್ಳೆಯವನು ನೆರೆಯವನಿಗೆ ಹೊಣೆ ನಿಲ್ಲುತ್ತಾನೆ ಅಂತ ಅಲ್ಲಿದೆ. ಹೊಣೆ ನಿಂತು ಹಾಳಾದವರು ಬಹಳ ಜನ ಅಂತಲೂ ಅಲ್ಲೇ ಇದೆ. ಕೊನೆಗೆ, ನಿನ್ನ ಶಕ್ತಿ ಇದ್ದಷ್ಟು ನೆರೆಯವನಿಗೆ ನೆರವಾಗು, ಆದರೆ ನೀನೇ ಬೀಳದ ಹಾಗೆ ನೋಡಿಕೋ. ಅಂಕಲ್ ಅವರ ಬೈಬಲಿನಲ್ಲಿ ಈ ಪುಸ್ತಕ ಇಲ್ಲ. ನಮ್ಮಲ್ಲಿ 73 ಪುಸ್ತಕ, ಅವರಲ್ಲಿ 66.

ಈಗ ಕೋಡಿಬಾಗದವರೇ, ನಿಮ್ಮ ಮತ್ತಾಯ 18. ಲೆಕ್ಕ ಮಾಡಿ ಓದಿದ್ದೀರಾ? ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿಸುತ್ತಿದ್ದೆ. ಮೊದಲ ಸೇವಕ ರಾಜನಿಗೆ ಕೊಡಬೇಕಾದ್ದು 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಟ್ಟು 6 ಕೋಟಿ ದಿನದ ದುಡಿಮೆ. ರಜೆ ಇಲ್ಲದೆ ದುಡಿದರೂ 1 ಲಕ್ಷದ 64 ಸಾವಿರ ವರ್ಷ. ಮಕ್ಕಳು ನಗುತ್ತಿದ್ದರು. ನಗಲಿ ಅಂತಲೇ ಯೇಸು ಆ ಸಂಖ್ಯೆ ಇಟ್ಟದ್ದು ಅಂತ ನನಗೆ ಅನ್ನಿಸುತ್ತದೆ.

ಆದರೆ ಎಲ್ಲರೂ ಜಾರಿಬೀಳುವುದು ಎರಡನೇ ಸಾಲದಲ್ಲಿ. 100 ದಿನಾರಿ. 'ಚಿಲ್ಲರೆ ಸಾಲಕ್ಕೆ ಕತ್ತು ಹಿಡಿದ' ಅಂತ ಪ್ರಬೋಧನೆಯಲ್ಲಿ ಕೇಳಿದ್ದೇನೆ. ಚಿಲ್ಲರೆ ಹೇಗಾಗುತ್ತದೆ? ನೂರು ದಿನದ ಕೂಲಿ! ನಮ್ಮ ತೋಟದ ಕೆಲಸಕ್ಕೆ ನಾನು ದಿನಕ್ಕೆ 600 ಕೊಡುತ್ತೇನೆ. ಆ ಲೆಕ್ಕದಲ್ಲಿ 60,000. ಬಡವನ ಮನೆಯಲ್ಲಿ ಅದು ದೊಡ್ಡ ದುಡ್ಡು. ನಿಮ್ಮ 1,20,900 ಅಂದರೆ 200 ದಿನದ ಕೂಲಿ. ನಿಮಗಾದ ನಷ್ಟ ಸಣ್ಣದು ಅಂತ ಯೇಸು ಎಲ್ಲೂ ಹೇಳಿಲ್ಲ. ನೋವಿಗೆ ನಾಚಿಕೊಳ್ಳಬೇಡಿ.

ಇನ್ನೊಂದು ಗಮನಿಸಿ. ಆ ಎರಡನೇ ಸೇವಕ 'ಸಾಲ ಬಿಟ್ಟುಬಿಡು' ಅಂತ ಕೇಳಲೇ ಇಲ್ಲ. 'ಸ್ವಲ್ಪ ತಾಳಿಕೋ, ಕೊಟ್ಟುಬಿಡುತ್ತೇನೆ' ಅಂದ. ಕೇಳಿದ್ದು ಸಮಯ. ಅದನ್ನೂ ಕೊಡದೆ ಕತ್ತು ಹಿಡಿದು ಜೈಲಿಗೆ ಹಾಕಿಸಿದ್ದು ಮೊದಲಿನವನ ಪಾಪ. ಸಾಲ ಕೇಳಿದ್ದೇ ಪಾಪ ಅಂತ ಕತೆಯಲ್ಲಿ ಇಲ್ಲ.

'ಅವನನ್ನೋ, ದುಡ್ಡನ್ನೋ' ಅಂತ ಕೇಳಿದ್ದೀರಿ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಮಾತಿದೆ. ಪರಲೋಕ ಪ್ರಾರ್ಥನೆಯಲ್ಲಿ ನಾವು 'ತಪ್ಪು' ಅಂತ ಹೇಳುವಲ್ಲಿ ಮತ್ತಾಯನ ಗ್ರೀಕಿನಲ್ಲಿ ಇರುವುದು 'ಸಾಲ'. ಲೂಕ ಮೊದಲ ಅರ್ಧಕ್ಕೆ 'ಪಾಪ' ಅಂತ ಬರೆದು, ಎರಡನೇ ಅರ್ಧದಲ್ಲಿ 'ನಮಗೆ ಸಾಲ ಇರುವವರು' ಅಂತಲೇ ಉಳಿಸಿಕೊಂಡಿದ್ದಾನೆ. ಹಾಗಾಗಿ ಎರಡನ್ನೂ ಪೂರ್ತಿ ಬೇರೆ ಮಾಡಲು ಆಗುವುದಿಲ್ಲ, ನಿಮ್ಮ ಗೊಂದಲ ಸರಿಯಾಗಿಯೇ ಇದೆ. ನಾನು ಇಷ್ಟು ಹೇಳಬಲ್ಲೆ. ಕತ್ತಿನಿಂದ ಕೈ ಇವತ್ತೇ ತೆಗೆಯಬೇಕು. ಲೆಕ್ಕದ ಪುಸ್ತಕ ಮುಚ್ಚಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು. ಬೆಂಚು ಬದಲಾಯಿಸಿದಿರಲ್ಲ, ಅದು ಕತ್ತು ಹಿಡಿದದ್ದೇ.

ಶಿರಸಿ ಗುಮಾಸ್ತ

ನಾನು ಕ್ರೈಸ್ತನಲ್ಲ, ಘಟ್ಟದ ಮೇಲಿನವ. ವಕೀಲರೊಬ್ಬರ ಹತ್ತಿರ ಇಪ್ಪತ್ತು ವರ್ಷದಿಂದ ಗುಮಾಸ್ತಿಕೆ. ಸುಮ್ನೆ ಓದುತ್ತಿದ್ದೆ, ಅಕ್ಕೋರ ತಲಾಂತಿನ ಲೆಕ್ಕ ನೋಡಿ ಬರೆಯುವ ಮನಸ್ಸಾಯಿತು.

ಕಾನೂನು ಹೇಳಿಬಿಡುತ್ತೇನೆ. ದಾವೆ ಹಾಕುವುದು ಬಿಡುವುದು ನಿಮ್ಮ ಇಷ್ಟ. 1872ರ ಕರಾರು ಕಾಯ್ದೆ ಇದಕ್ಕೆ. ಕಲಂ 128ರ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಾಗಿಲ್ಲ. ಇದು ಗೊತ್ತಿಲ್ಲದೆ ಸಹಿ ಹಾಕುವವರೇ ಜಾಸ್ತಿ. ಅಡಿಕೆ ಸೀಮೆಯಲ್ಲೂ ಇದೇ ಕತೆ, ಮಾರಾಯ್ರೇ. ಆದರೆ ಕಟ್ಟಿದವನ ಕೈಯನ್ನೂ ಕಾಯ್ದೆ ಖಾಲಿ ಬಿಟ್ಟಿಲ್ಲ. ಕಲಂ 145ರಲ್ಲಿ ನ್ಯಾಯವಾಗಿ ಕಟ್ಟಿದ ದುಡ್ಡನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕಿದೆ, ಬರೆದುಕೊಟ್ಟಿರದಿದ್ದರೂ ಸರಿ. ಪೂರ್ತಿ ತೀರಿಸಿದರೆ ಸೊಸೈಟಿಯ ಹಕ್ಕುಗಳೆಲ್ಲ ನಿಮಗೆ ಬರುತ್ತವೆ, ಕಲಂ 140. ಸಾಲಕ್ಕೆ ಆ ಗಾಡಿಯೇ ಆಧಾರ ಆಗಿದ್ದರೆ ಅದರ ಮೇಲೂ ನಿಮಗೆ ಹಕ್ಕು ಬರುತ್ತದೆ, 141. ಆರ್‌ಸಿಯಲ್ಲಿ ಸೊಸೈಟಿಯ ಹೆಸರು ಇದೆಯಾ ನೋಡಿ. ಅವಧಿ ಮೂರು ವರ್ಷ, ನೀವು ಕಟ್ಟಿದ ದಿನದಿಂದ. ಅಂದರೆ 2025ರ ಫೆಬ್ರವರಿಯ ದುಡ್ಡಿಗೆ 2028ರ ಫೆಬ್ರವರಿ. ಪ್ರತಿ ತಿಂಗಳ ಸಂಬಳ ಚೀಟಿ ಎತ್ತಿಡಿ. ಸೊಸೈಟಿಯಿಂದ ಸಾಲದ ಖಾತೆಯ ಉತಾರ ತೆಗೆದುಕೊಳ್ಳಿ. ಕಂತನ್ನು ಸಣ್ಣದು ಮಾಡಿ ಅವಧಿ ಬೆಳೆಸಿ ಅಂತ ಇಬ್ಬರೂ ಸೇರಿ ಅರ್ಜಿ ಕೊಟ್ಟರೆ ಕೆಲವು ಕಡೆ ಕೇಳುತ್ತಾರೆ.

ಗಾಡಿ ಹಿಡಿಸಿ ಮಾರಿಸಿದರೆ ನಿಮ್ಮ ತಲೆಯ ಭಾರ ಒಂದಿಷ್ಟು ಇಳಿಯುತ್ತದೆ. ಅದೇ ಸುಲಭದ ದಾರಿ ಅಂತ ನನ್ನ ಅನಿಸಿಕೆ.

ಇನ್ನು ಪಾಪಕ್ಕೂ ಸಾಲಕ್ಕೂ ಒಂದೇ ಮಾತು ಅಂದರಲ್ಲ ಅಕ್ಕೋರು, ನಮ್ಮ 'ಋಣ'ವೂ ಹಾಗೇ ತಾನೇ? ಬ್ಯಾಂಕಿನ ಋಣವೂ ಋಣ, ತಾಯಿಯ ಋಣವೂ ಋಣ. ಒಂದನ್ನು ತೀರಿಸದಿದ್ದರೆ ನೋಟಿಸು, ಇನ್ನೊಂದು ತೀರುವುದೇ ಇಲ್ಲ ಅಂತ ನಾವೇ ಹೇಳಿಕೊಳ್ಳುತ್ತೇವೆ. ಮನುಷ್ಯರ ನಡುವೆ ನಂಟು ಮುರಿದರೆ 'ಋಣ ಹರಿಯಿತು' ಅನ್ನುತ್ತೇವೆ. ಕುಂಪಾರರ ದುಡ್ಡನ್ನು ಬಿಟ್ಟರೆ ಋಣ ಹರಿಯುತ್ತದೋ, ಹಿಡಿದರೆ ಹರಿಯುತ್ತದೋ, ಅದನ್ನು ನೋಡಿ.

ಹೊನ್ನಾವರದ ಅಕ್ಕೋರು

ಗುಮಾಸ್ತರೇ, ಋಣದ ಮಾತು ಚಲೋ ಹೇಳಿದಿರಿ. ಗಾಡಿಯ ಮಾತಿಗೆ ಮಾತ್ರ ನನ್ನ ತಕರಾರಿದೆ. ಧರ್ಮೋಪದೇಶಕಾಂಡ 24ರಲ್ಲಿ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದರ ಮೇಲ್ಗಲ್ಲನ್ನೂ ಕೂಡದು, ಹಾಗೆ ಮಾಡಿದರೆ ಅವನ ಜೀವವನ್ನೇ ಒತ್ತೆ ತೆಗೆದುಕೊಂಡ ಹಾಗೆ ಅಂತಿದೆ. ಮೇಲ್ಗಲ್ಲು ಒಂದನ್ನೇ ಒಯ್ದರೂ ಹಿಟ್ಟು ಬೀಳುವುದಿಲ್ಲ. ಆ ಗಾಡಿ ಅವನ ಬೀಸುವ ಕಲ್ಲು. ಅದನ್ನು ಮಾರಿಸಿದರೆ ಉಳಿದದ್ದನ್ನು ಅವನು ದುಡಿಯುವುದು ಯಾವುದರಿಂದ?

ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಇನ್ನೊಂದಿದೆ, ನನಗೆ ತುಂಬ ಇಷ್ಟ. ಸಾಲ ಕೊಟ್ಟವನು ಒತ್ತೆ ತರಲು ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು. ಸಾಲಗಾರನೇ ಒಳಗಿನಿಂದ ತಂದು ಕೊಡಬೇಕು. ಹೆಂಡತಿ ಮಕ್ಕಳ ಎದುರು ಒಬ್ಬನ ಮಾನ ಕಳೆಯಬಾರದು ಅಂತ ಹೊಸ್ತಿಲಲ್ಲಿ ಗೆರೆ ಎಳೆದಿದ್ದಾರೆ.

ದಾಂಡೇಲಿ ಅಂಕಲ್

ಅಕ್ಕನವರೇ, ಫಿಲೆಮೋನ ನನಗೆ ಹೊಳೆದಿರಲಿಲ್ಲ. ಒಪ್ಪಿದೆ. ಸಿರಾಖನನ್ನು ಒಪ್ಪುವುದು ಕಷ್ಟ, ಆದರೆ 'ನೀನೇ ಬೀಳದ ಹಾಗೆ' ಅನ್ನುವುದು ಒಳ್ಳೆಯ ಮಾತು. ನಮ್ಮ ಪಾಸ್ಟರಿಗೆ ಯಾರು ಹೇಳಿದ್ದು ಅಂತ ಹೇಳದೆ ಒಮ್ಮೆ ಓದಿ ಹೇಳುತ್ತೇನೆ.

ಮಾಜಾಳಿ

ಎಲ್ಲ ಓದಿದೆ. ಕೋಡಿಬಾಗದವರೇ, ಒಂದೇ ಪ್ರಶ್ನೆ. ಸಂಬಳದಲ್ಲಿ ಹಿಡಿಯಲು ಶುರು ಮಾಡಿ 13 ತಿಂಗಳಾಯಿತು. ಹೆಂಡತಿಗೆ ಹೇಳಿದಿರಿ, ಫಾದರಿಗೆ ಹೇಳಿದಿರಿ, ಈಗ ನಮಗೆಲ್ಲ ಹೇಳಿದಿರಿ. ಅವರ ಹತ್ತಿರ ನೀವೊಬ್ಬರೇ ಹೋಗಿ ಕೂತು ಮಾತಾಡಿದ್ದು ಯಾವಾಗ? ನಿಮ್ಮ ಬರಹದಲ್ಲಿ ಹುಡುಕಿದೆ, ಸಿಗಲಿಲ್ಲ.

ಮತ್ತಾಯ 18 ಪೇತ್ರನ ಪ್ರಶ್ನೆಯಿಂದ ಶುರುವಾಗುವುದಲ್ಲ. ಆರು ವಚನ ಮೇಲೆ ಹೋಗಿ.

ಕೋಡಿಬಾಗದವ

ಮಾಜಾಳಿಯವರೇ, ನಿಮ್ಮ ಮಾತು ಓದಿ ಮೊದಲು ಸಿಟ್ಟು ಬಂತು. ಫೋನ್ ಕೆಳಗಿಟ್ಟು ಬೈಬಲ್ ತೆಗೆದೆ. 15ನೇ ವಚನ. ಸಹೋದರ ತಪ್ಪು ಮಾಡಿದರೆ ಹೋಗು, ನೀನೂ ಅವನೂ ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು.

ನಾನು ಇದನ್ನು ತಲೆಕೆಳಗೆ ಮಾಡಿದ್ದೇನೆ. ಮೊದಲು ವಾರ್ಡಿನ ಪ್ರಾರ್ಥನಾ ಕೂಟದಲ್ಲಿ, ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದೆ. ಆಮೇಲೆ ಕಚೇರಿಯಲ್ಲಿ. ಆಮೇಲೆ ಅವನ ಅಣ್ಣನ ಹತ್ತಿರ. ಅವನಿಗೆ ಕಳಿಸಿದ್ದು ಎರಡು ವಾಟ್ಸಾಪ್ ಮೆಸೇಜು. ಒಂದು 'ಏನಾಯ್ತು?', ಇನ್ನೊಂದು ಸಂಬಳ ಚೀಟಿಯ ಫೋಟೋ. ಎರಡಕ್ಕೂ ನೀಲಿ ಗೆರೆ ಬಿತ್ತು, ಉತ್ತರ ಇಲ್ಲ. ಅಷ್ಟಕ್ಕೇ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಬೈಬಲ್ 'ಹೋಗು' ಅನ್ನುತ್ತದೆ. ಫಾರ್ವರ್ಡ್ ಮಾಡು ಅನ್ನುವುದಿಲ್ಲ.

ಅಂಕಲ್ ಅವರ ಜ್ಞಾನೋಕ್ತಿ 6ನ್ನೂ ಪೂರ್ತಿ ಓದಿದೆ. ತಪ್ಪಿಸಿಕೋ ಅನ್ನುವುದಕ್ಕಿಂತ ಮೊದಲು 'ಹೋಗು, ತಗ್ಗಿಕೊಂಡು ನೆರೆಯವನನ್ನು ಕಾಡಿ ಬೇಡಿಕೋ' ಅಂತಲೇ ಇದೆ. ಅಂಕಲ್ ಜಿಂಕೆಗೆ ಹಾರಿಬಿಟ್ಟಿದ್ದಾರೆ.

ಶನಿವಾರ ಹೋಗುತ್ತೇನೆ. ಮನೆಗೆ ಹೋಗುವುದಿಲ್ಲ. ಅಕ್ಕೋರು ಹೇಳಿದ ಹೊಸ್ತಿಲಿನ ಗೆರೆ ನೆನಪಿದೆ. ಅವನ ಹೆಂಡತಿಯ ಎದುರು ಈ ಮಾತು ಬೇಡ. ಬಂದರಿಗೆ ಹೋಗುತ್ತೇನೆ.

ಕೋಡಿಬಾಗದವ (ಒಂದು ವಾರದ ನಂತರ)

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎಂಟೂವರೆಗೆ ಬೈತಖೋಲ. ಅವನು ಗಾಡಿಯ ಹಿಂದಿನ ಪೆಟ್ಟಿಗೆಗೆ ನೀರು ಹೊಡೆಯುತ್ತಿದ್ದ. ಬಂಗಡೆ ವಾಸನೆ, ಕಾಲ ಕೆಳಗೆ ಐಸಿನ ಚೂರು. ನನ್ನನ್ನು ನೋಡಿ ಪೈಪು ಬಂದ್ ಮಾಡಲಿಲ್ಲ. ನಾನೇ ಹೋಗಿ ನಲ್ಲಿ ತಿರುಗಿಸಿದೆ. 'ಚಹಾ ಕುಡಿಯುವ ಬಾ' ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ದಾರಿಯಲ್ಲಿ ಬೇರೆಯೇ ಮಾತು ಜೋಡಿಸಿಕೊಂಡು ಹೋಗಿದ್ದೆ.

ಚಹಾ ಅಂಗಡಿಯಲ್ಲಿ ಅವನು ಅಂಗಿ ಜೇಬಿನಿಂದ ಒಂದು ಪುಟ್ಟ ಡೈರಿ ತೆಗೆದ. ಬಾಡಿಗೆ ಬರೆದುಕೊಳ್ಳುವುದು. ಕೊನೆಯ ಪುಟದಲ್ಲಿ ನನ್ನ ಹೆಸರು. ಅದರ ಕೆಳಗೆ ಫೆಬ್ರವರಿ 9,300, ಮಾರ್ಚ್ 9,300. ಹದಿಮೂರು ಸಾಲು. ಒಂದೂ ತಪ್ಪಿಲ್ಲ. ಸೊಸೈಟಿಯಲ್ಲಿ ಕೇಳಿ ಪ್ರತಿ ತಿಂಗಳು ಬರೆದುಕೊಂಡಿದ್ದಾನೆ.

ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧ ದುಪ್ಪಟ್ಟಾಯಿತು. ಯಾಕೆ ಅಂದರೆ, ಗಾಡಿ ಓಡುತ್ತಿದೆಯಲ್ಲ, ದುಡ್ಡು ಎಲ್ಲಿ ಹೋಗುತ್ತದೆ ಅಂತ ಕೇಳಿದೆ. 2024ರ ಆ ಮಳೆಗಾಲದಲ್ಲಿ ಮನೆಖರ್ಚಿಗೆ ಒಂದು ಖಾಸಗಿ ಫೈನಾನ್ಸಿನಿಂದ ಸಾಲ ತೆಗೆದಿದ್ದನಂತೆ. ಮೊದಲು ಅದಕ್ಕೆ ಕಟ್ಟುತ್ತಾನಂತೆ. ನನ್ನದು ಯಾಕೆ ಮೊದಲಲ್ಲ ಅಂದೆ. ಸ್ವಲ್ಪ ಹೊತ್ತು ಗ್ಲಾಸು ತಿರುಗಿಸಿದ. ಆಮೇಲೆ ಅಂದ, 'ಅವರು ಮನೆಗೆ ಬಂದು ಕೂರುತ್ತಾರೆ. ನೀನು ಬರುವುದಿಲ್ಲ ಅಂತ ಗೊತ್ತಿತ್ತು.'

ಏನು ಹೇಳಲಿ ಇದಕ್ಕೆ? ನನ್ನ ಒಳ್ಳೆಯತನದ ಮೇಲೆ ಅವನು ಹದಿಮೂರು ತಿಂಗಳು ಬದುಕಿದ್ದಾನೆ. ನಾನು ಹೋಗದೆ ಇದ್ದದ್ದು ಒಳ್ಳೆಯತನವೂ ಅಲ್ಲ ಬಿಡಿ, ಜಗಳಕ್ಕೆ ಹೆದರಿಕೆ ಅಷ್ಟೇ. ಅವನಿಗೆ ಎರಡೂ ಒಂದೇ ಲೆಕ್ಕ. 'ನನಗೆ ಇದು ಬಹಳ ನೋವಾಯಿತು' ಅಂದೆ. ಅಷ್ಟು ಸಣ್ಣ ಮಾತು ಹೇಳಲು ಒಂದು ವರ್ಷ ಬೇಕಾಯಿತು ನೋಡಿ. ಅವನು ಕ್ಷಮೆ ಕೇಳಿದನಾ? 'ಮಾಫ್ ಕರ್' ಅಂತ ಬಾಯಿಬಿಟ್ಟು ಹೇಳಲಿಲ್ಲ. 'ಸ್ವಲ್ಪ ತಾಳು, ಕೊಡುತ್ತೇನೆ' ಅಂದ. ಅಕ್ಕೋರೇ, ಪ್ರಮಾಣ ಮಾಡಿ ಹೇಳುತ್ತೇನೆ, ಕತೆಯಲ್ಲಿ ಇರುವ ಅದೇ ಮಾತು. ನನಗೆ ನಗು ಬಂದುಬಿಟ್ಟಿತು, ಅವನಿಗೆ ಯಾಕೆ ಅಂತ ಅರ್ಥ ಆಗಲಿಲ್ಲ.

ದುಡ್ಡು ಬಿಡಲಿಲ್ಲ ನಾನು. ಬಿಡುವಷ್ಟು ಶಕ್ತಿ ನನಗಿಲ್ಲ, ಮನೆ ಸೋರುತ್ತಿದೆ. ಸಮಯ ಕೊಟ್ಟೆ. ಫೈನಾನ್ಸಿನ ಸಾಲ ಮುಗಿಯಲು ಇನ್ನು ಐದು ತಿಂಗಳು. ಅಲ್ಲಿಯವರೆಗೆ ತಿಂಗಳಿಗೆ 3,000 ನನ್ನ ಖಾತೆಗೆ ಹಾಕುತ್ತಾನೆ. ಜೂನ್, ಜುಲೈ ಎರಡು ತಿಂಗಳು ಕೇಳಬಾರದು ಅಂತ ನಾನೇ ಹೇಳಿಕೊಂಡೆ. ಮೀನಿಲ್ಲದ ತಿಂಗಳು ಬೀಸುವ ಕಲ್ಲು ಇದ್ದರೂ ಕಾಳು ಎಲ್ಲಿಂದ? ಆಗಸ್ಟ್ ನಂತರ ಸೊಸೈಟಿಯ ಕಂತು ಅವನೇ ಕಟ್ಟಬೇಕು, ಹಳೆಯದನ್ನು ನನಗೆ ನಿಧಾನವಾಗಿ ತೀರಿಸಬೇಕು. ಡೈರಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಈ ಸಲ ಓದಿ ಹಾಕಿದೆ. ಅಲ್ಲೇ ಫೋನ್‌ಪೇಯಲ್ಲಿ 2,000 ಕಳಿಸಿದ. 3,000 ಅಲ್ಲ, 2,000.

ಭಾನುವಾರ ಹಳೆ ಬೆಂಚಿಗೆ ಹೋಗಿ ಕೂತೆ. ಶಾಂತಿ ಹಂಚಿಕೊಳ್ಳುವಾಗ ಕೈ ಮುಗಿದ, ನಾನೂ ಮುಗಿದೆ. ಎದೆಯೊಳಗೆ ಏನೋ ಕರಗಿತು ಅಂತೆಲ್ಲ ಬರೆಯುವುದಿಲ್ಲ. 1,18,900 ಇನ್ನೂ ಅಲ್ಲೇ ಇದೆ, ಅವನ ಮುಖ ನೋಡಿದಾಗ ಆ ಅಂಕೆಯೂ ಕಾಣುತ್ತದೆ. ಆದರೆ ಪರಮಪ್ರಸಾದಕ್ಕೆ ಹೋದೆ.

ಗುಮಾಸ್ತರೇ, ಡೈರಿಯ ಬರಹ ಸಾಕಾ, ಸ್ಟ್ಯಾಂಪ್ ಪೇಪರ್ ಮೇಲೆ ಬೇಕಾ?

ಶಿರಸಿ ಗುಮಾಸ್ತ

ಡೈರಿಯ ಬರಹವೂ ಸಾಕ್ಷ್ಯವೇ. ಅವರು ಬಾಕಿಯನ್ನು ಒಪ್ಪಿ ಸಹಿ ಹಾಕಿದ್ದಾರೆ ಅಂದರೆ ಮೂರು ವರ್ಷದ ಅವಧಿ ಆ ದಿನದಿಂದ ಹೊಸದಾಗಿ ಶುರು. ಪುಟದ ಫೋಟೋ ತೆಗೆದಿಡಿ, ತಾರೀಕು ಕಾಣುವ ಹಾಗೆ. ಸ್ಟ್ಯಾಂಪ್ ಪೇಪರ್ ಮೇಲೆ ಮಾಡಿಕೊಂಡರೆ ಇನ್ನೂ ಗಟ್ಟಿ. ಮಾಡುವುದಾದರೆ ಸೊಸೈಟಿಯ ಉತಾರವನ್ನೂ ಜೊತೆಗೆ ಲಗತ್ತಿಸಿ.

2,000 ಬಂತಲ್ಲ, ಅದನ್ನು ಬರೆದುಕೊಂಡಿರಾ?

ಕೋಡಿಬಾಗದವ

ಬರೆದುಕೊಂಡೆ. ಅವನ ಡೈರಿಯಲ್ಲೂ ಬರೆಸಿದೆ.

ಅಕ್ಕೋರೇ, ಹೊಸ ತಾಪತ್ರಯ ಒಂದು ಶುರುವಾಗಿದೆ. ಮೇ ತಿಂಗಳಲ್ಲಿ ಮಗನ ಪ್ರಥಮ ಪರಮಪ್ರಸಾದ. ಬಿಳಿ ಬಟ್ಟೆ, ಬೂಟು, ಮೇಣದ ಬತ್ತಿ ಎಲ್ಲ ಪಾದ್ರಿನ್ ಕಡೆಯಿಂದಲೇ ಅಂತ ಕುಂಪಾರ್ ಮನೆಗೆ ಬಂದು ಹೇಳಿದ. ಆ ದುಡ್ಡನ್ನು ನನ್ನ ಖಾತೆಗೆ ಹಾಕು, ಬಟ್ಟೆ ನಾನು ತರುತ್ತೇನೆ ಅಂದೆ. ಅವನು ಏನೂ ಅನ್ನದೆ ಹೋದ. ನನ್ನ ಹೆಂಡತಿ, ಇಷ್ಟು ದಿನ ಅವನ ಹೆಸರಿಗೆ ಪಾತ್ರೆ ಕುಕ್ಕುತ್ತಿದ್ದವಳು, 'ಪಾದ್ರಿನ್ ಮಗುವಿಗೆ ಬಟ್ಟೆ ತರುವುದು ಬೇಡ ಅನ್ನುತ್ತಾರಾ ಯಾರಾದರೂ' ಅಂತ ನಿನ್ನೆಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.